ಹನ್ನೆರಡನೆಯ ಹೆಸರು

"ಯರ್ರಮ್ಮ," ಎಂದು ಓದಿದ.

"ಇಲ್ಲೇ ಇದೀನಿ ಸಾಮಿ."

"ಸೂರಪ್ಪ."

"ಇದೀನಿ."

"ಚಿಕ್ಕಕ್ಕ."

"ಹ್ಞೂಂ, ಇದೀನಿ."

ಅವರು ನಗುನಗುತ್ತ ಓಗೊಡುತ್ತಿದ್ದರು. ಜಂಬುಲಿಂಗಪ್ಪ ಅದಕ್ಕೆ ಸಿದ್ಧನಾಗಿ ಬಂದಿರಲಿಲ್ಲ. ಅಳು ಬರಬಹುದು, ಬೈಗುಳ ಬರಬಹುದು, ಯಾರಾದರೂ ಮಣ್ಣು ತೂರಬಹುದು ಎಂದೆಲ್ಲ ಎಣಿಸಿ, ಒಂದೊಂದಕ್ಕೂ ಒಂದೊಂದು ಮುಖ ಹೊಂದಿಸಿಕೊಂಡು ಮನೆಯಿಂದ ಹೊರಟಿದ್ದ. ನಗೆಗೆ ತಕ್ಕ ಮುಖ ಅವನ ಬಳಿ ಇರಲಿಲ್ಲ.

ಐದನೆಯ ಹೆಸರಿಗೆ ಬರುವ ಹೊತ್ತಿಗೆ ತಿಳಿಯಿತು. ಅವರು ತಮ್ಮ ಅರ್ಜಿಗೆ ಜವಾಬು ಬಂದಿದೆ ಎಂದುಕೊಂಡಿದ್ದರು.

ಅವನು ತಲೆಯೆತ್ತಲಿಲ್ಲ. ಓದುತ್ತ ಹೋದ. ಒಟ್ಟು ಹನ್ನೊಂದು ಹೆಸರು.

"ನೋಡಿದ್ಯಾ," ಎಂದ ಸೂರಪ್ಪ, ಪಕ್ಕದಲ್ಲಿದ್ದ ಚಿಕ್ಕಕ್ಕನಿಗೆ. ಎತ್ತಿನ ಮೂಗುದಾರ, ಮಿಣಿ, ಚಾಟಿ ಮಾರುವ ನಲವತ್ತರ ಆಳು ಅವನು. "ನಾವ್ ಹೆಬ್ಬೆಟ್ಟು ಒತ್ತಿದ್ ಸಾಲೇ ಐತೆ. ಮೊದ್ಲು ಯರ್ರಮ್ಮ, ಆಮ್ಯಾಲೆ ನಾನು, ಆಮ್ಯಾಲೆ ನೀನು. ಒಂದೂ ಹಿಂದ್ಮುಂದಾಗಿಲ್ಲ. ದೊರೆಗಳು ಓದೇ ಓದವ್ರೆ."

ಸಾಲು ಅದೇ ಆಗಿತ್ತು. ಅದರಲ್ಲಿ ಸುಳ್ಳಿರಲಿಲ್ಲ.

ಇಪ್ಪತ್ತು ದಿನದ ಹಿಂದೆ ಅವರು ಅವನ ಮನೆಗೆ ಬಂದಿದ್ದರು. ಚಳ್ಳಕೆರೆಯಿಂದ ಬರುವ ಗಾಡಿದಾರಿಯೂ ಮೊಳಕಾಲ್ಮೂರಿನ ಕಡೆಯ ದಾರಿಯೂ ಕೂಡುವಲ್ಲಿ ಬೆಳೆದ ಸಣ್ಣ ಪೇಟೆ ಅದು. ಕೂಡುವ ಜಾಗದಲ್ಲಿ ನಾಲ್ಕು ಹುಣಸೆಮರ, ಒಂದು ಸೇದುಬಾವಿ. ಕಂಬಳಿ ಹೇರಿದ ಗಾಡಿ, ಎಣ್ಣೆ ಹೇರಿದ ಗಾಡಿ, ಬಳ್ಳಾರಿಯ ಹತ್ತಿ ಗಾಡಿ, ಎಲ್ಲವೂ ಅಲ್ಲಿ ಕೊರಳು ಬಿಚ್ಚುತ್ತಿದ್ದವು. ಎತ್ತು ನೀರು ಕುಡಿಯುವಷ್ಟು ಹೊತ್ತಿನಲ್ಲಿ ಮನುಷ್ಯರು ಗುಗ್ಗರಿ ತಿನ್ನುತ್ತಿದ್ದರು, ಎಲೆಅಡಿಕೆ ಕೊಳ್ಳುತ್ತಿದ್ದರು, ಹರಿದ ಮಿಣಿ ಬದಲಿಸುತ್ತಿದ್ದರು. ಆ ಹೊತ್ತಿನಲ್ಲೇ ಇವರೆಲ್ಲರ ಬದುಕು. ದೊಡ್ಡ ಸಾಹೇಬರ ಸವಾರಿ ಬರುತ್ತದಂತೆ, ದಾರಿ ಬದಿ ಚೊಕ್ಕಟ ಮಾಡಿಸುತ್ತಾರಂತೆ ಎಂಬ ಸುದ್ದಿ ಹರಡಿ, ಹೋಬಳಿ ಕಚೇರಿಯಲ್ಲಿ ನಮ್ಮವನು ಅಂತ ಒಬ್ಬ ಗುಮಾಸ್ತ ಇದ್ದಾನಲ್ಲ, ಅವನನ್ನೇ ಕೇಳೋಣ ಎಂದು ಬಂದಿದ್ದರು.

ಬಿ.ಜಿ. ಕೆರೆಯ ಒಕ್ಕಲ ಮನೆಯಲ್ಲಿ ಹುಟ್ಟಿ ದುರ್ಗದಲ್ಲಿ ಓದಿ ಲೋವರ್ ಸೆಕೆಂಡರಿ ಪಾಸು ಮಾಡಿದ್ದ ಜಂಬುಲಿಂಗಪ್ಪನನ್ನು ಯಾರೂ ಅದುವರೆಗೆ 'ನಮ್ಮವನು' ಎಂದಿರಲಿಲ್ಲ. ಕಚೇರಿಯಲ್ಲಿ ಅವನು ಹಳ್ಳಿಯವನು, ಹಳ್ಳಿಯಲ್ಲಿ ಕಚೇರಿಯವನು. ಜಗುಲಿಯ ತುಂಬ ಕೂತ ಜನವನ್ನು ನೋಡಿ ಅವನಿಗೆ ಒಂದು ಬಗೆಯ ಹಿಗ್ಗಾಯಿತು. ಒಳ್ಳೆಯ ಕಾಗದ ತೆಗೆದ. ಲೇಖನಿಗೆ ಹೊಸ ಮುಳ್ಳು ಸಿಕ್ಕಿಸಿ ಬರೆದ. "ಹನ್ನೊಂದು ಕುಟುಂಬಗಳ ಜೀವನವು ಈ ಮರಗಳ ನೆರಳಿನಷ್ಟೇ ಅಗಲವಾಗಿದ್ದು, ಅದಕ್ಕಿಂತ ಹೆಚ್ಚಿನ ಅಗಲವನ್ನು ಅವರು ಬೇಡುತ್ತಿಲ್ಲ" ಎಂಬ ವಾಕ್ಯ ಬಂದಾಗ ಅವನೇ ಬೆರಗಾದ. ಎರಡು ಸಲ ಓದಿ ಹೇಳಿದ. ಯರ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋಗುವಾಗ ಒಂದು ಬುಟ್ಟಿ ಸೀತಾಫಲ ಇಟ್ಟು ಹೋದರು. ಅವನು ಬೇಡವೆಂದ. ಹೆಂಡತಿ ಒಳಗೆ ತೆಗೆದುಕೊಂಡು ಹೋದಳು.

ಹುಚ್ಚಕ್ಕ ಎಂಬ ಎಲೆಅಡಿಕೆಯ ಮುದುಕಿ ಮಾತ್ರ ಹೆಬ್ಬೆಟ್ಟು ಒತ್ತಲಿಲ್ಲ. "ನನ್ ಬೆಟ್ಟು ನನ್ ಕೈಯಾಗೇ ಇರ್ಲಿ ಬಿಡಪ್ಪ," ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ.

ಅರ್ಜಿಯನ್ನು ಹೋಬಳಿಯ ಅಧಿಕಾರಿ ಶೇಕದಾರರ ಮುಂದೆ ಇಡಬೇಕಾಗಿತ್ತು. ಮೊದಲ ದಿನ ಶೇಕದಾರರು ಸಿಟ್ಟಿನಲ್ಲಿದ್ದರು. ಎರಡನೆಯ ದಿನ ನಗುತ್ತಿದ್ದರು, ಆ ನಗು ಕೆಡಿಸಲು ಮನಸ್ಸಾಗಲಿಲ್ಲ. ಮೂರನೆಯ ದಿನ, ಇದನ್ನು ಬರೆದವರು ಯಾರು ಎಂದು ಕೇಳಿಬಿಟ್ಟರೆ ಎಂಬ ಯೋಚನೆ ಬಂತು. ಅಕ್ಷರ ನೋಡಿದರೆ ಕುರುಡನಿಗೂ ತಿಳಿಯುತ್ತದೆ. ನಾಲ್ಕನೆಯ ದಿನದಿಂದ ಅರ್ಜಿ ಅವನ ಮೇಜಿನ ಖಾನೆಯಲ್ಲಿ, ಹಳೆಯ ಕಂದಾಯದ ಕಡತದ ಕೆಳಗೆ ಮಲಗಿತು.

ಆಮೇಲೆ ಶೇಕದಾರರು ಒಂದು ಮಧ್ಯಾಹ್ನ ಕರೆದು, "ದಾರೀಲಿ ಕೂರೋರದೊಂದು ಪಟ್ಟಿ ಬೇಕಲ್ಲಯ್ಯ. ಹೆಸರು, ಮಾರೋ ಸಾಮಾನು, ಎಲ್ಲ. ಸಂಜೆಯೊಳಗೆ," ಎಂದರು.

ಬಾವಿಯವರೆಗೆ ಹೋಗಿ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡು ಬರಬೇಕು. ಅವನು ಕಿಟಕಿಯಿಂದ ಹೊರಗೆ ನೋಡಿದ. ಖಾನೆ ಎಳೆದ. ಅರ್ಜಿಯ ಕೆಳಗೆ ಅವನದೇ ಕೈಬರಹದಲ್ಲಿ ಹನ್ನೊಂದು ಹೆಸರು ಅಚ್ಚುಕಟ್ಟಾಗಿ ಕೂತಿದ್ದವು, ಪಕ್ಕದಲ್ಲಿ ಹನ್ನೊಂದು ಹೆಬ್ಬೆಟ್ಟು. ಬೇರೊಂದು ಕಾಗದಕ್ಕೆ ಇಳಿಸಿದ. ಅದರಲ್ಲಿ ಹಗೆಯೇನೂ ಇರಲಿಲ್ಲ. ಬಿಸಿಲಿತ್ತು, ಅಷ್ಟೆ.

"ಓದ್ರಿ ಗುಮಾಸ್ತರೇ," ಎಂದ ದಲಾಯತ ಓಬಯ್ಯ. ಕಚೇರಿಯ ಬಿಲ್ಲೆ ಕಟ್ಟಿಕೊಂಡು ಅವನು ಪಕ್ಕದಲ್ಲೇ ನಿಂತಿದ್ದ. "ಹೆಸ್ರು ಮುಗುದ್ವು. ಕೆಳಗಿನ್ದು ಓದ್ರಿ."

ಜಂಬುಲಿಂಗಪ್ಪ ಗಂಟಲು ಸರಿಮಾಡಿಕೊಂಡ.

"ಸದರಿ ರಸ್ತೆಯ ಬಾಜೂ ಅಕ್ರಮವಾಗಿ ಕೂತು ವ್ಯಾಪಾರ ಮಾಡುತ್ತಿರುವ ಮೇಲ್ಕಂಡ ಇಸಮುಗಳು ಈ ದಿನ ಮಧ್ಯಾಹ್ನದೊಳಗಾಗಿ ಜಾಗ ಖುಲ್ಲಾ ಮಾಡಿ, ಕೆರೆ ಏರಿಯ ಹಿಂಭಾಗದಲ್ಲಿ ಗೊತ್ತುಮಾಡಿರುವ ಸ್ಥಳಕ್ಕೆ ಹೋಗತಕ್ಕದ್ದು. ತಪ್ಪಿದಲ್ಲಿ ಸಾಮಾನು ಜಪ್ತಿಯಾಗುವುದು."

ಅವರು ಇನ್ನೂ ನಗುತ್ತಲೇ ಇದ್ದರು. ಕಚೇರಿಯ ಕನ್ನಡ ಅವರಿಗೆ ತಾಕಿರಲಿಲ್ಲ.

"ಇಸಮು ಅಂದ್ರೆ ಯಾರು ಸಾಮಿ?" ಎಂದಳು ಯರ್ರಮ್ಮ.

"ನೀವೇ."

"ನಮ್ಗೆ ಏನಂದವ್ರೆ?"

"ಮಧ್ಯಾಹ್ನದೊಳಗೆ ಏಳಬೇಕು."

ಬಾವಿಯ ರಾಟೆ ಕಿರುಗುಟ್ಟುತ್ತಿತ್ತು. ಯರ್ರಮ್ಮನ ಒಲೆಯ ಮೇಲೆ ಹುರುಳಿ ಗುಗ್ಗರಿ ಕೊತಕೊತ ಬೇಯುತ್ತಿತ್ತು.

"ಅರ್ಜಿ ಓದಿದ್ರಾ?" ಕೇಳಿದಳು ಆಕೆ.

"ಓದಿದರು."

ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಆ ನೆಳ್ಳಿನ್ ಮಾತೂ ಓದಿದ್ರಾ?"

"ಹ್ಞೂಂ."

"ಓದೀನೂ ಹಿಂಗಂದ್ರಾ?"

ಅವನು ತಲೆಯಾಡಿಸಿದ.

ಯರ್ರಮ್ಮ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ನೀನೇನ್ ಮಾಡ್ತೀಯಪ್ಪ. ಬರಿಯೋದ್ ಬರ್ದೆ. ನಿನ್ ಕೈಯಾಗ್ ಇದ್ದಿದ್ದು ಅಷ್ಟೇ," ಎಂದಳು. ಅವನನ್ನು ಸಮಾಧಾನ ಮಾಡುವವಳ ಹಾಗೆ. "ನೀನ್ ಮನ್ಸಿಗ್ ಹಚ್ಕೋಬ್ಯಾಡ."

ಬೈದಿದ್ದರೆ ಅದಕ್ಕೊಂದು ಮುಖ ಇತ್ತು.

ಓಬಯ್ಯ ಬಿಡಾರಗಳ ಮೇಲಿನ ತಡಿಕೆ ಎಳೆಯತೊಡಗಿದ. ಎಂಟು ವರ್ಷದಿಂದ ಅವನೂ ಇಲ್ಲೇ ಹೊಗೆಸೊಪ್ಪು ಕೊಂಡವನು. "ಏಳ್ರಿ, ಏಳ್ರಿ. ನನ್ ಕೈಲಿ ಬೈಸ್ಕೋಬ್ಯಾಡ್ರಿ," ಎನ್ನುತ್ತಿದ್ದ, ಯಾರನ್ನೂ ನೋಡದೆ. ಚಿಕ್ಕಕ್ಕ ತನ್ನ ಬಳೆಯ ಮಲಾರವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಮಡಕೆಯವರು ಮಡಕೆಯೊಳಗೆ ಮಡಕೆ ಇಟ್ಟು ಹುಲ್ಲು ತುರುಕಿದರು. ಜಂಬುಲಿಂಗಪ್ಪ ಪಟ್ಟಿ ಹಿಡಿದು ಮುಗಿದವರ ಹೆಸರಿಗೆ ಗೀಟು ಹಾಕುತ್ತ ನಿಂತ. ಬೇರೆ ಕೆಲಸವಿಲ್ಲದವನಿಗೆ ಅದೊಂದು ಕೆಲಸ.

ಕೊನೆಯ ಮರದ ಬುಡದಲ್ಲಿ ಹುಚ್ಚಕ್ಕ ಕೂತೇ ಇದ್ದಳು. ಮುಂದೆ ಒದ್ದೆ ಗೋಣಿಯಲ್ಲಿ ಸುತ್ತಿದ ಎಲೆ, ಪಕ್ಕದಲ್ಲಿ ಅಡಿಕೆ ಬುಟ್ಟಿ.

"ನೀನ್ಯಾಕ್ ಕುಂತಿದ್ದೀಯಮ್ಮ? ಏಳು," ಎಂದ ಓಬಯ್ಯ.

"ನನ್ ಹೆಸ್ರು ಕರೀಲಿಲ್ಲಲ್ಲ."

ಓಬಯ್ಯ ಹಿಂದಿರುಗಿ ಜಂಬುಲಿಂಗಪ್ಪನನ್ನು ನೋಡಿದ. "ಇವಳ್ ಹೆಸ್ರು ಇಲ್ವೇನ್ರಿ?"

ಇರಲಿಲ್ಲ.

"ಇವಳೊಬ್ಬಳ್ದು ಯಾಕಿಲ್ಲ?" ಎಂದ ಸೂರಪ್ಪ. ಚಾಟಿಗಳನ್ನು ಕಟ್ಟುತ್ತಿದ್ದವನು ಕೈ ನಿಲ್ಲಿಸಿದ. "ಇಪ್ಪತ್ ವರ್ಸದಿಂದ ಇಲ್ಲೇ ಕುಂತವ್ಳೆ. ನಮ್ ಎಲ್ಲರ್ಗಿಂತ ಮುಂಚೆ ಬಂದೋಳು. ಪಟ್ಟಿ ಬರಕೊಳ್ಳಾಕೆ ಇಲ್ಲಿಗ್ ಬಂದೋರು ಇವಳ್ನ ಬಿಟ್ಟೋಗಾಕೆ ಆಗ್ತದಾ?"

ಯಾವ ವ್ಯಂಗ್ಯವೂ ಇಲ್ಲದ ಪ್ರಶ್ನೆ. ಅವನು ನಿಜವಾಗಿ ಯೋಚಿಸುತ್ತಿದ್ದ.

"ಪಟ್ಟೀಲಿರೋ ನಾವ್ ಹನ್ನೊಂದ್ ಜನ," ಎಂದ ಮತ್ತೆ. "ಬೆಟ್ಟು ಒತ್ತಿದ್ದೂ ಹನ್ನೊಂದ್ ಜನ."

ಜಂಬುಲಿಂಗಪ್ಪ ಪಟ್ಟಿಯನ್ನು ಮಡಿಸಿ ಹಿಡಿದ. ಪಟ್ಟಿಯಲ್ಲಿಲ್ಲದವಳನ್ನು ಬಿಟ್ಟು ಹೋಗಬಹುದಾಗಿತ್ತು. ಹುಕುಂ ಅಷ್ಟೇ ಹೇಳುತ್ತಿತ್ತು, ಮೇಲ್ಕಂಡ ಇಸಮುಗಳು. ಒಬ್ಬ ಮುದುಕಿ ಮರದ ಕೆಳಗೆ ಉಳಿದಿದ್ದರೆ ಶೇಕದಾರರು ಕೇಳಿದಾಗ ಪಟ್ಟಿ ತೋರಿಸಬಹುದಾಗಿತ್ತು. ಇಡೀ ದಿನದಲ್ಲಿ ಅವನ ಕೈಯಲ್ಲಿ ಸಾಧ್ಯವಿದ್ದ ಒಂದೇ ಒಂದು ಒಳ್ಳೆಯ ಕೆಲಸ ಅದು, ಅದಕ್ಕೆ ಏನನ್ನೂ ಮಾಡಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಇಪ್ಪತ್ತು ದಿನ ಸುಮ್ಮನಿದ್ದವನಿಗೆ ಅದೇನು ದೊಡ್ಡದಲ್ಲ.

ಆದರೆ ಅವಳು ಉಳಿದರೆ ಸೂರಪ್ಪ ನಾಳೆಯೂ ಯೋಚಿಸುತ್ತಾನೆ. ನಾಡಿದ್ದೂ ಯೋಚಿಸುತ್ತಾನೆ.

"ಬಿಟ್ಟುಹೋಗಿದೆ," ಎಂದ ಜಂಬುಲಿಂಗಪ್ಪ. "ನಕಲು ಮಾಡುವಾಗ ಬಿಟ್ಟುಹೋಗಿದೆ." ಕಿವಿಯ ಮೇಲಿದ್ದ ಸೀಸದ ಕಡ್ಡಿ ತೆಗೆದು, ಮೊಣಕಾಲ ಮೇಲೆ ಕಾಗದ ಇಟ್ಟು ಕೊನೆಗೆ ಬರೆದ. ಆಮೇಲೆ, ಬೇಕಿಲ್ಲದಿದ್ದರೂ, ಓದಿದ.

"ಹುಚ್ಚಕ್ಕ."

ಮುದುಕಿ ಓಗೊಡಲಿಲ್ಲ. ಬಾಯೊಳಗಿನ ಎಲೆಯನ್ನು ಒಂದು ಪಕ್ಕಕ್ಕೆ ತಳ್ಳಿ, "ಬೆಟ್ಟು ಒತ್ತದಿದ್ರೂ ಬರಕೊಳ್ತಾರೆ ಅನ್ನು," ಎಂದಳು, ತನಗೆ ತಾನೇ. ಎದ್ದಳು. ಬುಟ್ಟಿಯನ್ನು ತಲೆಗೆ ಎತ್ತಿಕೊಳ್ಳಲು ಯಾರಾದರೂ ಕೈ ಕೊಡಬೇಕಾಗಿತ್ತು. ಯರ್ರಮ್ಮ ಬಂದು ಕೊಟ್ಟಳು.

ಸೂರಪ್ಪ ಅವನನ್ನೇ ನೋಡುತ್ತಿದ್ದ. ಆಮೇಲೆ ಕಾಗದದ ಮೇಲಿನ ಸೀಸದ ಗೆರೆಯನ್ನು ನೋಡಿದ. ಓದಲು ಬಾರದವನು. ಆದರೂ ಮೇಲಿನ ಹನ್ನೊಂದು ಸಾಲು ಮಸಿಯಲ್ಲೂ ಕೆಳಗಿನದೊಂದು ಬೂದಿಬಣ್ಣದಲ್ಲೂ ಇರುವುದು ಕಾಣಲು ಓದು ಬೇಕಿಲ್ಲ. ಸೂರಪ್ಪ ಚಾಟಿಗಳ ಕಟ್ಟನ್ನು ಬಿಗಿಯಾಗಿ ಎಳೆದು ಗಂಟು ಹಾಕಿದ.

ಇನ್ನು ಉಳಿದದ್ದು ಯರ್ರಮ್ಮನ ಗಂಡ.

ಆರು ವರ್ಷದ ಹಿಂದೆ ಇದೇ ಬಾವಿಯ ಬಳಿ ಹತ್ತಿ ಗಾಡಿಯ ಚಕ್ರ ದೊಡ್ಡಪಾಲಯ್ಯನ ಎರಡೂ ತೊಡೆಯ ಮೇಲೆ ಹಾದುಹೋಗಿತ್ತು. ಅಂದಿನಿಂದ ಆತ ಮರದ ಬುಡದಲ್ಲಿ ಕಂಬಳಿಯ ಮೇಲೆ ಮಲಗಿ ಗಾಡಿಯವರನ್ನು ಮಾತಾಡಿಸುತ್ತಿದ್ದ. ರಾಯದುರ್ಗದ ತೆಲುಗು ಗಾಡಿಯವರಿಗೆ ತೆಲುಗಿನಲ್ಲಿ, ಬಳ್ಳಾರಿಯ ಸಾಬರಿಗೆ ಅವರ ಮಾತಿನಲ್ಲಿ. ಯಾವ ದಾರಿಯಲ್ಲಿ ಹಳ್ಳ ಬಂದಿದೆ, ಎಲ್ಲಿ ಮೇವಿದೆ, ಎಲ್ಲ ಆತನಿಗೆ ಗೊತ್ತು. ಜನ ಗುಗ್ಗರಿಗೆ ಎಷ್ಟು ಬರುತ್ತಿದ್ದರೋ ಆತನ ಮಾತಿಗೂ ಅಷ್ಟೇ ಬರುತ್ತಿದ್ದರು. ಕೆರೆ ಏರಿಯ ಹಿಂದೆ ಯಾವ ಗಾಡಿಯೂ ಹೋಗುವುದಿಲ್ಲ.

"ಹೊರ್ರಪ್ಪಾ," ಎಂದ ದೊಡ್ಡಪಾಲಯ್ಯ ನಗುತ್ತ. "ನಾಕ್ ಜನ ಹೊರೋ ದಿನ ಇನ್ನೂ ದೂರ ಐತೆ ಅನ್ಕೊಂಡಿದ್ದೆ."

ಕಂಬಳಿಯ ಒಂದು ತುದಿಯನ್ನು ಸೂರಪ್ಪ ಹಿಡಿದ. ಒಂದನ್ನು ಓಬಯ್ಯ ಹಿಡಿದ. ಇನ್ನೊಂದನ್ನು ಯರ್ರಮ್ಮ ಹಿಡಿದಳು. ನಾಲ್ಕನೆಯದು ಜೋತಾಡಿತು.

"ಒಂದ್ ತುದಿ ಹಿಡೀರಿ ಗುಮಾಸ್ತರೇ," ಎಂದ ಓಬಯ್ಯ, ಸಹಜವಾಗಿ.

ಜಂಬುಲಿಂಗಪ್ಪ ಪಟ್ಟಿಯನ್ನು ನೋಡಿದ. ಎಲ್ಲ ಹೆಸರಿಗೂ ಗೀಟು ಬಿದ್ದಿತ್ತು. ಆದರೂ ಮೇಲಿನಿಂದ ಕೆಳಗೆ ಇನ್ನೊಮ್ಮೆ ಎಣಿಸತೊಡಗಿದ, ತುಟಿ ಅಲ್ಲಾಡಿಸುತ್ತ, ಕೇಳಿಸಿಲ್ಲವೆಂಬಂತೆ. ಏಳಕ್ಕೆ ಬರುವ ಹೊತ್ತಿಗೆ ಚಿಕ್ಕಕ್ಕ ಬಳೆ ಮಲಾರವನ್ನು ಕೆಳಗಿಟ್ಟು ಬಂದು ಆ ತುದಿಯನ್ನು ಹಿಡಿದಳು. ಅವನು ಹನ್ನೆರಡರವರೆಗೂ ಎಣಿಸಿದ.

ಹೊರುವ ಮೊದಲು ಯರ್ರಮ್ಮ, "ತಡೀರಿ, ಇದೊಂದಿಷ್ಟು ಕೆಟ್ಟೋಗ್ತದೆ," ಎಂದು ಬಂದು ಗುಗ್ಗರಿಯ ಗಡಿಗೆ ಇಳಿಸಿದಳು. ಬಿಸಿ ಗಡಿಗೆಯನ್ನು ಒಂದು ಮೈಲಿ ಹೊರುವವರಿಲ್ಲ. ಮುತ್ತುಗದ ಎಲೆಗಳಲ್ಲಿ ಹಾಕಿ ಎಲ್ಲರಿಗೂ ಕೊಟ್ಟಳು, ಓಬಯ್ಯನಿಗೂ. ಜಂಬುಲಿಂಗಪ್ಪನಿಗೆ ಒಂದು ಹಿಡಿ ಹೆಚ್ಚಾಗಿಯೇ ಬಿತ್ತು.

"ಬೆಳಿಗ್ಗಿಂದ ನಿಂತಿದ್ದೀಯ, ತಿನ್ನು."

ಬೇಡವೆನ್ನಬೇಕು ಎಂದುಕೊಂಡ. ಹಸಿದಿದ್ದ. ನಿಂತೇ ತಿಂದ. ಉಪ್ಪು ಹದವಾಗಿತ್ತು, ಒಗ್ಗರಣೆಯ ಬೆಳ್ಳುಳ್ಳಿ ಬಾಯಿ ತುಂಬಿತು. ಅದು ಅಷ್ಟು ರುಚಿಯಾಗಿದ್ದುದಕ್ಕೆ ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಎಲೆಗೆ ಅಂಟಿದ ಕಾಳನ್ನು ಬೆರಳಿನಿಂದ ಬಿಡಿಸಿ ತಿಂದ. ಯರ್ರಮ್ಮ ಉಳಿದ ನೀರನ್ನು ಒಲೆಗೆ ಸುರಿದಳು. ಚೊಯ್ ಎಂದು ಹೊಗೆ ಎದ್ದು ಎಲ್ಲರ ಮುಖಕ್ಕೂ ಬಂತು. ಕೆಮ್ಮುವ ನೆಪದಲ್ಲಿ ಅವನು ಆಚೆ ತಿರುಗಿದ.

ಅವರು ಹೊರಟರು. ಮುಂದೆ ಕಂಬಳಿ, ಹಿಂದೆ ಗಂಟುಗಳು, ಎಲ್ಲರಿಗಿಂತ ಹಿಂದೆ ಹುಚ್ಚಕ್ಕ. ಕಂಬಳಿಯೊಳಗಿನಿಂದ ದೊಡ್ಡಪಾಲಯ್ಯ ಏನೋ ಹೇಳುತ್ತಿದ್ದ, ಯಾರೂ ನಗುತ್ತಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಜಂಬುಲಿಂಗಪ್ಪ ಏರಿಯ ಹಿಂದಕ್ಕೆ ಹೋದ. ಎಲ್ಲರೂ ಹೊಸ ಜಾಗ ಸೇರಿದರೆಂದು ವರದಿ ಬರೆಯಬೇಕಾಗಿತ್ತು. ಜಾಲಿಮುಳ್ಳು, ಕರಲುಮಣ್ಣು, ನಾಲ್ಕು ಮೂಲೆಗೆ ಸುಣ್ಣ ಬಳಿದ ನಾಲ್ಕು ಕಲ್ಲು. ನೆರಳೆಂಬುದು ಇಲ್ಲ. ಯರ್ರಮ್ಮ ಮೂರು ಕಲ್ಲು ಹುಡುಕಿ ಒಲೆ ಹೂಡಿದ್ದಳು. ಗಂಡನ ಮುಖಕ್ಕೆ ಬಿಸಿಲು ಬೀಳದಂತೆ ತಡಿಕೆಯೊಂದನ್ನು ನಿಲ್ಲಿಸಿದ್ದಳು. ಹುಚ್ಚಕ್ಕ ಎಲೆಗೆ ಚಿಮುಕಿಸಲು ನೀರೆಲ್ಲಿ ಎಂದು ನೋಡುತ್ತ ಕೂತಿದ್ದಳು. ಅಷ್ಟೇ. ಬೇರೆ ಯಾರೂ ಇರಲಿಲ್ಲ.

"ಉಳಿದವರು?"

"ಚಿಕ್ಕಕ್ಕ ಹಟ್ಟಿ ಹಟ್ಟಿ ತಿರುಗ್ತೀನಿ ಅಂತ ಹೋದ್ಲು," ಎಂದಳು ಯರ್ರಮ್ಮ. "ಮಡಕೆಯೋರು ಗೌರಸಮುದ್ರಕ್ ಹೋದ್ರು. ಸೂರಪ್ಪ ರಾಯದುರ್ಗಕ್ ಹೊಂಟೋದ. ಅಲ್ಲಿ ನಮ್ ಸರ್ಕಾರ ಇಲ್ವಂತಲ್ಲ, ಬೇರೇದಂತೆ."

"ಏನಾದರೂ ಹೇಳಿದನೇ?"

"ಯಾರು, ಸೂರಪ್ಪನಾ? ಏನ್ ಹೇಳ್ತಾನೆ." ಒಲೆಗೆ ಪುಳ್ಳೆ ಒಡ್ಡುತ್ತ ಆಕೆ ಸ್ವಲ್ಪ ತಡೆದಳು. "ಗುಮಾಸ್ತರ ಅಕ್ಸರ ಬಲು ಚೆಂದ ಅಂದ."

ದೊಡ್ಡಪಾಲಯ್ಯ ತಡಿಕೆಯ ಹಿಂದೆ ಕಣ್ಣು ಮುಚ್ಚಿ ಮಲಗಿದ್ದ. ಮಾತಾಡಿಸಲು ಯಾರೂ ಇರಲಿಲ್ಲವಾದ್ದರಿಂದ ಆತ ಮೊದಲ ಸಲ ರೋಗಿಯಂತೆ ಕಂಡ.

ಹೇಳಿಬಿಡಬೇಕು ಎನಿಸಿತು. ಅರ್ಜಿ ಕೊಡಲೇ ಇಲ್ಲ, ಯಾರೂ ಓದಲೇ ಇಲ್ಲ ಎಂದು. ಮಾತು ಬಾಯಿಗೂ ಬಂತು.

"ಇಲ್ಲಿ ಗಾಳಿ ಚೆನ್ನಾಗಿದೆ," ಎಂದ.

"ಹ್ಞೂಂ," ಎಂದಳು ಯರ್ರಮ್ಮ, ಅವನ ಕಡೆ ನೋಡದೆ. ಈ ಸಲ ಮಾತಿನ ಕೊನೆಗೆ 'ಸಾಮಿ'ಯೂ ಇರಲಿಲ್ಲ, 'ಅಪ್ಪ'ನೂ ಇರಲಿಲ್ಲ.

ಕಚೇರಿಗೆ ಬಂದು ಬರೆದ: "ಹನ್ನೆರಡು ಜನರೂ ಯಾವ ತಕರಾರೂ ಇಲ್ಲದೆ ಹೊಸ ಸ್ಥಳವನ್ನು ಸೇರಿರುತ್ತಾರೆ." ಒಂದು ತಿದ್ದು ಇಲ್ಲದೆ ಬಂತು.

ಶೇಕದಾರರು ಓದಿ ಸಹಿ ಹಾಕಿದರು. "ಅಚ್ಚುಕಟ್ಟು. ಅವತ್ತು ಪಟ್ಟೀನೂ ಎಷ್ಟು ಬೇಗ ತಂದ್ಯಯ್ಯ. ಒಂದು ಗಳಿಗೇಲಿ ಹೇಗೆ ಹೆಸರೆಲ್ಲ ಹಿಡಿದೆ?"

"ಅವರೇ ಕೊಟ್ಟರು ಸ್ವಾಮಿ."

ಶೇಕದಾರರು ತಲೆಯೆತ್ತಿ ನೋಡಿ ಗಟ್ಟಿಯಾಗಿ ನಕ್ಕರು. ಈ ಗುಮಾಸ್ತನಿಗೆ ತಮಾಷೆಯೂ ಗೊತ್ತೆಂದು ಅವರಿಗೆ ಈವರೆಗೆ ತಿಳಿದಿರಲಿಲ್ಲ. ಜಂಬುಲಿಂಗಪ್ಪನ ಮುಖದಲ್ಲೂ ಒಂದು ನಗೆ ತಾನಾಗಿ ಬಂದು ಕೂತಿತು. ಅದನ್ನು ಹೇಗೆ ತೆಗೆಯುವುದೆಂದು ತೋಚಲಿಲ್ಲ.

"ಅಂದ ಹಾಗೆ," ಎಂದರು ಶೇಕದಾರರು, ಕಾಗದ ಮಡಿಸುತ್ತ, "ಸಾಹೇಬರ ಸವಾರಿ ಈ ಕಡೆ ಇಲ್ಲವಂತೆ. ಹಿರಿಯೂರಿನ ದಾರಿ ಹಿಡಿದರಂತೆ. ತಪಾಲು ಬಂತು. ಹೋಗಲಿ, ದಾರಿಯಂತೂ ಚೊಕ್ಕಟವಾಯ್ತಲ್ಲ. ಮನೆಗೆ ಹೋಗುವಾಗ ಹಾಗೇ ನೋಡಿಕೊಂಡು ಹೋಗು. ಸಂಜೆಗೆ ಮತ್ತೆ ಬಂದು ಕೂತುಬಿಡ್ತಾವೆ ಆ ಜನ."

ಯಾರೂ ಬಂದು ಕೂತಿರಲಿಲ್ಲ. ಹೊತ್ತು ಮುಳುಗುತ್ತಿತ್ತು. ಗುಡಿಸಿ ನೀರು ಹೊಡೆದ ನೆಲ ಮರಗಳ ಕೆಳಗೆ ಅಗಲವಾಗಿ ಬಿದ್ದಿತ್ತು. ಇಷ್ಟು ಜಾಗವಿತ್ತೇ ಇಲ್ಲಿ ಎಂದು ಅವನಿಗೆ ಆಶ್ಚರ್ಯವಾಯಿತು. ಮನೆಗೆ ಹೋದರೆ ಹೆಂಡತಿ ಏನಾಯಿತೆಂದು ಕೇಳುತ್ತಾಳೆ. ಕಾಲು ಸೋತಿದ್ದವು. ಯಾವ ಮರವೆಂದು ನೋಡದೆ ಒಂದರ ಬುಡದಲ್ಲಿ ಕುಳಿತ. ತಲೆ ಬೆವರಿತ್ತು. ರುಮಾಲನ್ನು ಸುತ್ತಿದ ಹಾಗೇ ಎತ್ತಿ, ಬುಟ್ಟಿಯ ಹಾಗೆ ಬಾಯಿ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡ.

ಮೊಳಕಾಲ್ಮೂರಿನ ಕಡೆಯಿಂದ ಮೂರು ಗಾಡಿ ಬಂದು ಬಾವಿಯ ಬಳಿ ಕೊರಳು ಬಿಚ್ಚಿದವು. ಒಬ್ಬ ಗಾಡಿಯವನು ಎತ್ತುಗಳನ್ನು ನೀರಿಗೆ ಬಿಟ್ಟು, ಅತ್ತ ಇತ್ತ ನೋಡಿ, ಮರದ ಕೆಳಗೆ ಕೂತ ಒಬ್ಬನೇ ಮನುಷ್ಯನ ಕಡೆಗೆ ಬಂದ.

"ಏಮುಂದಪ್ಪಾ? ಏನೈತೆ?"

ಜಂಬುಲಿಂಗಪ್ಪ ತೊಡೆಯ ಮೇಲಿನ ರುಮಾಲನ್ನು ನೋಡಿದ.

ಗಾಡಿಯವನು ಮುಂದೆ ಕುಕ್ಕರಗಾಲಿನಲ್ಲಿ ಕೂತ. ದಣಿದಿದ್ದ, ಅವಸರವಿರಲಿಲ್ಲ. ಅವನು ಕೂತದ್ದನ್ನು ಕಂಡು ಇನ್ನಿಬ್ಬರೂ ಬಂದರು.

"ಏನ್ ಮಾರ್ತಾನಂತೆ?"

"ಹೇಳಲಿಲ್ಲ. ಅದ್ರಾಗ್ ಐತೆ."

"ಬಿಸೀದಿದ್ರೆ ಕೊಡಪ್ಪ, ಹಸಿದ್ ಬಂದಿದ್ದೀವಿ."

ಏಳಬೇಕೆಂದುಕೊಂಡ. ಏಳಲಿಲ್ಲ. ಎರಡು ಕೈಯಿಂದ ರುಮಾಲಿನ ಅಂಚನ್ನು ಹಿಡಿದುಕೊಂಡು ಹಾಗೇ ಕೂತಿದ್ದ. ಮೂವರೂ ಕೈ ಒರೆಸಿಕೊಂಡು ಹತ್ತಿರ ಸರಿದು, ಬಗ್ಗಿ, ಅವನ ತೊಡೆಯ ಮೇಲಿನ ಆ ತಗ್ಗಿನೊಳಗೆ ನೋಡಿದರು. ಮಬ್ಬಿನಲ್ಲಿ ಏನೂ ಕಾಣಲಿಲ್ಲ.

"ತಡಿ, ಕೊಡ್ತಾನೆ," ಎಂದ ಮೊದಲನೆಯವನು. ಕಾಯುತ್ತ ಕೂತರು.